ಸೂಜಿ ಇಟ್ಟ ಪುಟದಿಂದ

ಫೆಬ್ರವರಿ 3, ಸೋಮವಾರ. ಸಂಜೆ

ಇವತ್ತೂ ಬೆಳಗಿನಿಂದ ಕೊಡೆ ಕಾರ್ಖಾನೆಯಲ್ಲಿ, ಕಟ್ಟುವವರಿಗೆ ಗಟ್ಟಿಯಾಗಿ ಓದು. ಗಂಟಲಿಗೆ ಉಪ್ಪುಕಾಗದ ಉಜ್ಜಿದಂತಿದೆ. ಬಿಸಿನೀರು, ಉಪ್ಪು. ಮತ್ತೆ ಬಿಸಿನೀರು. ಅಮ್ಮ ಲೋಟ ಕುಕ್ಕಿ, "ಲೋಕಕ್ಕೆಲ್ಲ ಬುದ್ಧಿ ಹೇಳೋ ಗಂಟಲಲ್ವಾ, ಸವೀದೆ ಇರುತ್ತಾ?" ಎಂದಳು.

'ದುಡಿಮೆಯ ಮರ್ಯಾದೆ' ಮುಗಿಯಿತು. ಕೊನೆಯ ಸಾಲಿಗೆ ಬಂದಾಗ ಸ್ಟೂಲಿನ ಮೇಲೆಯೇ ಎದ್ದು ನಿಂತಿದ್ದೆ! "ದುಡಿಯದೆ ತಿಂದ ತುತ್ತು ಕದ್ದ ತುತ್ತು." ಹನ್ನೊಂದು ತಲೆಗಳೂ ಮೇಲೆದ್ದವು. ಮರುಕ್ಷಣ ಕೊಡೆಗಳು — ಫಟ್, ಫಟ್, ಫಟ್. ಬಟ್ಟೆಯನ್ನು ಕಡ್ಡಿಗಳಿಗೆ ಕಟ್ಟಿ ಮುಗಿಸಿದ ಮೇಲೆ ಪ್ರತಿ ಕೊಡೆಯನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಆದರೆ ಓದು ನಡೆಯುವಾಗ ಸದ್ದು ಕೂಡದು. ಪ್ಯಾರಾ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಬಿಚ್ಚುತ್ತಾರೆ. ನನಗೆ ಅದು ಚಪ್ಪಾಳೆಯಂತೆ ಕೇಳಿಸುತ್ತದೆ. ಕೇಳಿಸಲಿ. ಯಾರ ಅಪ್ಪನ ಗಂಟು ಹೋಗುತ್ತದೆ?

ಮೇಸ್ತ್ರಿ ಮತ್ತೆ ಕೆಣಕಿದ. "ಎಲ್ಲರೂ ಬೆರಳು ಚುಚ್ಚಿಸ್ಕೊಂಡು ಕಟ್ತಾರೆ. ನಿನ್ನ ಪಾಲಿನದನ್ನೂ ಅವ್ರೇ ಕಟ್ತಾರೆ. ನೀನು ಮಾತ್ರ ಮಹಾರಾಣಿ ಥರ ಮೇಲೆ ಕೂತಿರ್ತೀಯ." ವಿವರಿಸಿದೆ, ನೂರನೇ ಸಲ. ತಲಾ ಒಂದು ಕೊಡೆ ಹೆಚ್ಚಿಗೆ ಕಟ್ಟಿ ನನ್ನ ಹೆಸರಿಗೆ ಇಡುವುದು ದಾನವಲ್ಲ. ಅದು ಓದಿನ ಕೊಡೆ. ಗಂಟಲಿಗೆ ಕೂಲಿ. ನನ್ನಷ್ಟು ದುಡಿಯುವವರು ಈ ಕೋಣೆಯಲ್ಲಿ ಯಾರೂ ಇಲ್ಲ.

ನಾಳೆ ವೋಟು, ಮುಂದೆ ಯಾವ ಪುಸ್ತಕ ಎಂದು. ನನ್ನ ಕೈಯಲ್ಲಿ 'ಬೆಳಕಿನ ಹಕ್ಕು' ಸಿದ್ಧವಿದೆ. ಗೆಲ್ಲುವುದು ಖಂಡಿತ.

ಫೆಬ್ರವರಿ 4, ಮಂಗಳವಾರ

ಸೋತೆ!

ಹಿಡಿಕೆ ಅಜ್ಜ — ಕೊಡೆಗಳಿಗೆ ಹಿಡಿಕೆ ಕೂರಿಸುವವರು, ಇಡೀ ವರ್ಷದಲ್ಲಿ ಹತ್ತು ಮಾತು ಆಡದವರು — ಕೋಟಿನ ಒಳಜೇಬಿನಿಂದ ಒಂದು ಪುಸ್ತಿಕೆ ತೆಗೆದರು. ಹೋದ ವರ್ಷ ತೀರಿಕೊಂಡ ಅವರ ಹೆಂಡತಿಯದಂತೆ. ಹಳೆಯ ಕಾಲದ ಯಾವನೋ ಪಾದ್ರಿ ಯಾವುದೋ ಬಂದರಿನ ಪ್ರಾರ್ಥನಾಮಂದಿರದಲ್ಲಿ ಮಾಡಿದ ಪ್ರಸಂಗ, ಅಂದರೆ ಉಪದೇಶ. ನೂರು ವರ್ಷದಿಂದ ಮತ್ತೆ ಮತ್ತೆ ಅಚ್ಚಾಗುತ್ತಿದೆಯಂತೆ. ನಲವತ್ತು ಪುಟ, ಇರುವೆಯಂಥ ಅಕ್ಷರ. ರಟ್ಟು ಎಂದೋ ಹೋಗಿ ಸಕ್ಕರೆಚೀಲದ ಕಾಗದ ಹಾಕಿದ್ದಾರೆ.

"ಇದನ್ನ ಒಂದ್ಸಲ ಕೇಳ್ಬೇಕು ಅನ್ನಿಸ್ತು," ಎಂದರು ಅಜ್ಜ. ಅಷ್ಟೇ. ಏಳು ಸೂಜಿ ಮೇಲೆದ್ದವು! (ನಮ್ಮಲ್ಲಿ ಕೈ ಎತ್ತುವುದಿಲ್ಲ, ಸೂಜಿ ಎತ್ತುತ್ತೇವೆ.) ಕೊಕ್ಕೆಯೂ ಎತ್ತಿದ. ಎಲ್ಲದಕ್ಕೂ ಕೊಕ್ಕೆ ಹಾಕುವವನು, ಯಾವ ದೇವರನ್ನೂ ನಂಬದವನು! ಕೇಳಿದೆ, ನಾಚಿಕೆಯಾಗಲ್ವಾ ಎಂದು.

"ಏ ಕರಪತ್ರ," ಎಂದ — ನನಗೆ ಅವನಿಟ್ಟ ಹೆಸರು, ಈಗ ಎಲ್ಲರಿಗೂ ಅದೇ ರೂಢಿ — "ನಿನ್ನ ಓದು ಕೇಳಿ ಕೇಳಿ ನಿದ್ದೇಲೂ ಮುಷ್ಟಿ ಬಿಗಿ ಹಿಡಿದಿರ್ತೀನಿ ಕಣೇ. ಹೆಂಡ್ತಿ ಬೇರೆ ಕೋಣೆಗೆ ಹೋಗಿ ಮಲಗ್ತಾಳೆ. ನಾಲ್ಕು ದಿನ ಸಂಸಾರ ಮಾಡೋಕೆ ಬಿಡು."

ಸರಿ. ಓದುತ್ತೇನೆ. ಆದರೆ ಹೇಗೆ ಓದಬೇಕು ಎನ್ನುವುದು ನನ್ನ ಕೈಯಲ್ಲಿದೆ. ಪಾದ್ರಿಯ ರಾಗವನ್ನೇ ಎಳೆಯುತ್ತೇನೆ, ಮೂಗಿನಲ್ಲಿ. ಒಂದು ಪುಟದೊಳಗೆ ನಗಿಸಿಬಿಡುತ್ತೇನೆ. ದೇವರು ಎಂದರೆ ಮಾಲೀಕರ ಕಾವಲುಗಾರ. ಇದನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ.

ಫೆಬ್ರವರಿ 5, ಬುಧವಾರ

ಧ್ವನಿ ಹೋಯಿತು.

ಐದನೇ ಪುಟ. ಕಾಲು ಸ್ವಾಧೀನವಿಲ್ಲದ ಒಬ್ಬ. ಅವನನ್ನು ಹಾಸಿಗೆ ಸಮೇತ ಹೊತ್ತು ತಂದ ನಾಲ್ವರು. ಗುರು ಇರುವ ಮನೆಯ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಮೂಗಿನಲ್ಲಿ ರಾಗ ಎಳೆಯುತ್ತಿದ್ದೆ, ಇಬ್ಬರು ನಗಲೂ ಶುರುಮಾಡಿದ್ದರು. "ಆಗ ಆ ನಾಲ್ವರು ಸೂರಿಗೆ ಹತ್ತಿ" — ಮುಂದೆ ಏನೂ ಬರಲಿಲ್ಲ. ಗಾಳಿ ಮಾತ್ರ. ಮತ್ತೆ ತೆರೆದೆ ಬಾಯಿ. ಗಾಳಿ.

ಮೊದಲು ನಾಟಕ ಎಂದುಕೊಂಡು ಇನ್ನೂ ಜೋರಾಗಿ ನಕ್ಕರು. ಆಮೇಲೆ ಕೊಡೆ ಕಟ್ಟುವವರಲ್ಲಿ ಹಿರಿಯಳಾದ ದೊಡ್ಡಕ್ಕ ಎದ್ದು ಬಂದು ನನ್ನನ್ನು ಸ್ಟೂಲಿನಿಂದ ಇಳಿಸಿದಳು, ಮಗುವನ್ನು ಇಳಿಸುವ ಹಾಗೆ.

ಫೆಬ್ರವರಿ 7, ಶುಕ್ರವಾರ

ಡಾಕ್ಟರ್ ಬಾಯೊಳಗೆ ಕನ್ನಡಿ ತೂರಿಸಿ ನೋಡಿದರು. ಧ್ವನಿಯ ತಂತುಗಳ ಮೇಲೆ ಗಂಟು. ಆರು ವಾರ ಮೌನ. ಪಿಸುಮಾತೂ ಇಲ್ಲ. ಆಮೇಲೆ ನೋಡೋಣ ಎಂದರು. 'ನೋಡೋಣ' — ಡಾಕ್ಟರುಗಳ ಬಾಯಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ.

ಅಮ್ಮ ಸ್ಲೇಟು ತಂದಳು. ಕೆಳಗಿನ ಸೈಕಲ್ ಅಂಗಡಿಯವರದು. ಒಂದು ಮೂಲೆಯಲ್ಲಿ 'ಹಿಂದಿನ ಚಕ್ರ' ಎಂದು ಬರೆದದ್ದು ಅಳಿಸಿದರೂ ಹೋಗಿಲ್ಲ. "ಬರಿ, ಏನ್ ಬೇಕೋ ಬರಿ. ಎರಡೂ ಕಡೆ ತುಂಬೋ ಅಷ್ಟು ಮಾತ್ರ. ಮನೆ ಆಗ್ಲೇ ಎಷ್ಟು ತಣ್ಣಗಿದೆ ನೋಡು!" ನಗಿಸಲು ಹೇಳಿದಳು. ಆಮೇಲೆ ಇಸ್ತ್ರಿಪೆಟ್ಟಿಗೆ ಹಿಡಿದು ಗೋಡೆ ಕಡೆ ತಿರುಗಿ ನಿಂತಳು, ತುಂಬ ಹೊತ್ತು ಒಂದೇ ಅಂಗಿಗೆ ಇಸ್ತ್ರಿ ಮಾಡುತ್ತ.

ಫೆಬ್ರವರಿ 8, ಶನಿವಾರ

ಹೋಗಿದ್ದೆ. ಸ್ಲೇಟಿನಲ್ಲಿ ಬರೆದು ತೋರಿಸಿದೆ: 'ಓದದ ಮೇಲೆ ಓದಿನ ಕೊಡೆ ಬೇಡ. ನನ್ನದು ನಾನೇ ಕಟ್ಟುತ್ತೇನೆ.'

ಕಟ್ಟಿದೆ. ಒಂದು. ಮಧ್ಯಾಹ್ನದವರೆಗೆ. ಬೆರಳೆಲ್ಲ ರಕ್ತ. ಬಿಚ್ಚಿದಾಗ ಒಂದು ಕಡೆ ಕಡ್ಡಿ ಎದ್ದು, ಇನ್ನೊಂದು ಕಡೆ ಬಟ್ಟೆ ಜೋತುಬಿದ್ದು... ಕೊಕ್ಕೆ ಹತ್ತಿರ ಬಂದು ನೋಡಿ, "ಅಯ್ಯೋ ಪಾಪ, ಬಾವಲಿ. ಯಾರು ಹೊಡೆದ್ರು?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸದ್ದಿಲ್ಲದೆ. ನಗು ಮುಗಿದು ನೋಡಿದರೆ ನನ್ನ ಜಾಗದಲ್ಲಿ ಹನ್ನೊಂದು ಕೊಡೆ. ಎಂದಿನಂತೆ. ಸಾಲಾಗಿ.

ಸ್ಲೇಟು ಕುಟ್ಟಿದೆ. 'ಬೇಡ ಅಂದೆನಲ್ಲ!'

ದೊಡ್ಡಕ್ಕ ದಾರ ಕಡಿಯುತ್ತ, "ಕೈಗೆ ರೂಢಿ ಆಗೋಗಿದೆ ಕಣಮ್ಮ. ಹೇಳಿದ್ರೆ ಕೇಳಲ್ಲ," ಎಂದಳು.

ಕದ್ದ ತುತ್ತು. ನಾನೇ ಎದ್ದು ನಿಂತು ಓದಿದ ಸಾಲು. ಇದನ್ನು ತಿಂದು ನಾನು ಯಾವ ಮುಖ ಇಟ್ಟುಕೊಂಡು ಬದುಕಲಿ? ಇವತ್ತೇ ಬಿಡಬೇಕಿತ್ತು. ಆದರೆ ಶುರುಮಾಡಿದ ಪುಸ್ತಕ ಮುಗಿಯುವವರೆಗೆ ಓದಿ ಹೇಳುವವರು ಕೆಲಸ ಬಿಡುವ ಹಾಗಿಲ್ಲ. ಈ ನಿಯಮವನ್ನು ಗಟ್ಟಿ ಮಾಡಿಸಿದವಳೂ ನಾನೇ. ಸರಿ. ಈ ಪ್ರಸಂಗ ಮುಗಿದ ದಿನ ನಾನು ಹೊರಗೆ. ನಿರ್ಧಾರ. ಮೇಸ್ತ್ರಿಗೂ ಬರೆದು ತೋರಿಸಿದೆ. ತಲೆಯಾಡಿಸಿದ.

ಇನ್ನು ಯಾರಾದರೂ ಬೇಗ ಓದಿ ಮುಗಿಸಲಿ.

ಫೆಬ್ರವರಿ 10, ಸೋಮವಾರ

ದೊಡ್ಡಕ್ಕ ಓದುತ್ತಾಳಂತೆ! ಅವಳಿಗೆ ಅಕ್ಷರ ಬರುತ್ತದೆ ಎನ್ನುವುದೇ ನಮಗೆ ಸುದ್ದಿ. "ಬರುತ್ತೆ, ಆದ್ರೆ ನಡ್ಕೊಂಡು ಬರುತ್ತೆ, ಓಡ್ಕೊಂಡಲ್ಲ," ಎಂದಳು.

ಅರ್ಧ ಗಂಟೆಗೆ ಅರ್ಧ ಪುಟ. ಅಷ್ಟಕ್ಕೆ ಕಣ್ಣಲ್ಲಿ ನೀರು ಬರುತ್ತದೆ, ನಿಲ್ಲಿಸುತ್ತಾಳೆ. ದಿನಕ್ಕೆ ಎರಡೇ ಸಲ. ಸ್ಟೂಲೂ ಬೇಡವಂತೆ, ಹೆಚ್ಚಿನ ಕೊಡೆಯೂ ಬೇಡವಂತೆ. ತನ್ನ ಜಾಗದಲ್ಲೇ ಕೂತು, ಬೆರಳನ್ನು ಅಕ್ಷರದ ಕೆಳಗೆ ಇಟ್ಟುಕೊಂಡು: "ಸೂ...ರಿಗೆ... ಹತ್ತಿ... ಹಂ...ಚು... ಹಂಚು ತೆ...ಗೆದು..."

ಕೂತಲ್ಲಿ ಕೂರಲಾಗಲಿಲ್ಲ ನನಗೆ. ಕಿತ್ತುಕೊಂಡು ಓದಿಬಿಡಬೇಕು ಎನಿಸುತ್ತಿತ್ತು. ಬಾಯಿ ತೆರೆದರೆ ಗಾಳಿ!

ಕೊಕ್ಕೆ ಮಾತ್ರ ಕೊಕ್ಕೆ ಹಾಕಿದ. "ತಡಿ ದೊಡ್ಡಕ್ಕ. ಆ ಹಂಚು ಯಾರದು? ಮನೆಯವನ್ನ ಕೇಳಿದ್ರಾ?"

"ಓದೋವಾಗ ಮಾತಾಡ್ಬಾರ್ದು."

"ನೀನು ಓದ್ತಿಲ್ಲ, ಕಡಲೆ ಆರಿಸ್ತಿದೀಯ. ಆ ಮನೆಯವನ ಕಥೆ ಏನು ಅಂತ. ನಾಳೆ ಮಳೆ ಬಂದ್ರೆ?"

"ಮಳೆ ಬಂದ್ರೆ ಒಂದು ಕೊಡೆ ತಗೊಳ್ಳಲಿ!" ಎಂದರು ಹಿಡಿಕೆ ಅಜ್ಜ. ಅಜ್ಜ ನಗೆಮಾತು ಆಡಿದ್ದು ಇದೇ ಮೊದಲು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು.

ಫೆಬ್ರವರಿ 13, ಗುರುವಾರ

ಅಪಾಯದ ಸುದ್ದಿ. ಮುಂದೇನು ಎಂದು ತಿಳಿಯುವ ಆಸೆ ಹುಟ್ಟಿದೆ.

ಇವತ್ತಿನ ಸಾಲು: "ನೀವೆಲ್ಲರೂ ಆ ನಾಲ್ವರನ್ನು ಮೆಚ್ಚುತ್ತೀರಿ. ನಾನೂ ಮೆಚ್ಚುತ್ತೇನೆ. ಆದರೆ ಪ್ರಿಯರೇ, ಈ ದಿನ ನನ್ನ ಮಾತು ಅವರಿಗಲ್ಲ. ಹಾಸಿಗೆಯ ಮೇಲಿರುವವನೇ, ನಿನಗೆ."

ಅಲ್ಲಿಗೆ ಅರ್ಧ ಗಂಟೆ ಮುಗಿಯಿತು! ಪುಸ್ತಿಕೆ ಡ್ರಾಯರಿಗೆ. ಗುರುತಿಗೆ ಪುಟದ ನಡುವೆ ಕರಿದಾರದ ಸೂಜಿ. ಡ್ರಾಯರ್ ಮೇಸ್ತ್ರಿಯ ಬೀಗಕ್ಕೆ. ಓದುತ್ತಿರುವ ಪುಸ್ತಕವನ್ನು ಯಾರೂ ಒಬ್ಬರೇ ಮುಂದೆ ಓದಬಾರದು. ನಿಯಮ.

ಹಂಚು ತೆಗೆದ ಕಂಡಿಯಿಂದ ಹಾಸಿಗೆಯನ್ನು ಹಗ್ಗದಲ್ಲಿ ಗುರುವಿನ ಮುಂದೆ ಇಳಿಸಿದರಂತೆ ಆ ನಾಲ್ವರು. ನಾನು ಅವರಲ್ಲಿ ಒಬ್ಬಳು. ಹುಟ್ಟಿದಾಗಿನಿಂದ ಅದೇ ಆಸೆ. ಹಗ್ಗ ಹಿಡಿಯಬೇಕು, ಸೂರು ಒಡೆಯಬೇಕು, ಬಿದ್ದವರನ್ನು ಎತ್ತಬೇಕು. ನನ್ನ ಎಲ್ಲ ಕರಪತ್ರಗಳೂ ಆ ನಾಲ್ವರಿಗೇ ಬರೆದವು. ಮಲಗಿದವನಿಗೆ ಏನು ಹೇಳುವುದಿದೆ? ಎದ್ದೇಳು ಎನ್ನುವುದನ್ನು ಬಿಟ್ಟು?

ಫೆಬ್ರವರಿ 24, ಸೋಮವಾರ

ಹತ್ತು ದಿನ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ ಎಂದಲ್ಲ. ದಿನಾ ಒಂದು ಬಾವಲಿ ಕಟ್ಟುತ್ತೇನೆ, ಪಕ್ಕದಲ್ಲಿ ಹನ್ನೊಂದು ಕೊಡೆ ಬೆಳೆಯುತ್ತವೆ. ಆ ಕಡೆ ನೋಡುವುದಿಲ್ಲ.

ಇವತ್ತು ಪಾದ್ರಿ ಮಲಗಿದವನ ಬಗ್ಗೆ ಶುರುಮಾಡಿದ. ಮನೆಗೆ ಬಂದು ನೆನಪಿನಿಂದ ಬರೆದಿಟ್ಟಿದ್ದೇನೆ:

"ಅವನು ಏನು ಮಾಡಿದನು? ಹಗ್ಗ ಹಿಡಿದನೇ? ಹಂಚು ತೆಗೆದನೇ? ಬೇಡಿಕೊಂಡನೇ? ಒಂದು ಮಾತನ್ನಾದರೂ ಆಡಿದನೇ? ಇಲ್ಲ. ಅವನು ಇಳಿದನು. ಅಷ್ಟೇ. ಇಳಿಸಿದಷ್ಟು ಇಳಿದನು. ಕೆಳಗಿದ್ದವನು ಮುಖ ಎತ್ತಿ ನೋಡಿದನು. ಇವನು ಬಾಯಿ ತೆರೆಯುವ ಮುಂಚೆಯೇ, 'ಮಗನೇ' ಎಂದನು. 'ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ' ಎಂದನು."

ರೇಗಿಹೋಯಿತು. ಕಾಲಿಲ್ಲದವನಿಗೆ ಕ್ಷಮೆ! ಹಸಿದವನ ಮುಂದೆ ಖಾಲಿ ತಟ್ಟೆ ತೊಳೆದಿಟ್ಟಂತೆ. ಸ್ಲೇಟಿನಲ್ಲಿ ಬರೆದೆ: 'ಇವನು ಮಾಡಿದ್ದೇನು ಸಿಗುವುದಕ್ಕೆ? ಯಾವ ಯೋಗ್ಯತೆ?' ಕೊಕ್ಕೆಗೆ ತೋರಿಸಿದೆ. "ನಂಗ್ಯಾಕೆ ತೋರಿಸ್ತೀಯ, ನಾನೇನು ಪಾದ್ರಿನಾ?" ಎಂದ. ಅಜ್ಜನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ಸ್ಲೇಟನ್ನು ಗೌರವದಿಂದ ಹಿಂದಕ್ಕೆ ಕೊಟ್ಟರು. ಮತ್ತೆ ಹಿಡಿಕೆಗೆ ಅಂಟು ಹಚ್ಚತೊಡಗಿದರು. ಅದು ಇನ್ನೂ ರೇಗಿಸಿತು.

ಫೆಬ್ರವರಿ 25, ಮಂಗಳವಾರ

ಅದೇ ಪ್ಯಾರಾ ಮತ್ತೆ! ಅಕ್ಷರಕ್ಕೆ ಅಕ್ಷರ!

ಆದದ್ದು ಇಷ್ಟು: ಬೆಳಿಗ್ಗೆ ಮೇಸ್ತ್ರಿ ಬೀಗ ತೆಗೆದಾಗ, ಕರಿದಾರ ಮುಗಿದಿದ್ದ ಕೊಕ್ಕೆ ಡ್ರಾಯರಿನಿಂದ ಗುರುತಿನ ಸೂಜಿ ಎತ್ತಿಕೊಂಡಿದ್ದಾನೆ. ಕೆಲಸ ಮುಗಿಸಿ ಅಂದಾಜಿನ ಮೇಲೆ ವಾಪಸ್ ಸಿಕ್ಕಿಸಿದ್ದಾನೆ, ಒಂದು ಪುಟ ಹಿಂದೆ. ದೊಡ್ಡಕ್ಕನಿಗೆ ಗೊತ್ತಾಗಲೇ ಇಲ್ಲ. ("ಅಕ್ಷರ ಹಿಡಿಯೋದ್ರಲ್ಲೇ ಅರ್ಥ ಜಾರಿ ಹೋಗುತ್ತೆ. ಎರಡನ್ನೂ ಒಟ್ಟಿಗೆ ಹಿಡಿಯೋಕೆ ನಂಗೇನು ನಾಲ್ಕು ಕೈಯಾ?") ಉಳಿದವರಿಗೆ ಗೊತ್ತಾಯಿತು. ಯಾರೂ ತಡೆಯಲಿಲ್ಲ. ಸೂಜಿ ಎಲ್ಲಿದೆಯೋ ಅಲ್ಲಿಂದ ಓದು. ಅದು ಹಳೆಯ ಪದ್ಧತಿ.

"ಒಂದು ಮಾತನ್ನಾದರೂ ಆಡಿದನೇ? ಇಲ್ಲ."

ನಿನ್ನೆ ಈ ಸಾಲು ಕಿವಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ಬರೆದೂ ಇಟ್ಟಿದ್ದೆ. ಇವತ್ತು ಮಾತ್ರ ಮಡಿಲಲ್ಲಿದ್ದ ಸ್ಲೇಟನ್ನು ಮಗುಚಿಟ್ಟೆ.

ಏನಿಲ್ಲ. ಕಾಕತಾಳೀಯ.

ಫೆಬ್ರವರಿ 26, ಬುಧವಾರ. ಊಟದ ಬಿಡುವು

ಹಿತ್ತಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಿಟ್ಟರೆ ಮರೆತೀತೇನೋ ಎಂಬ ಭಯ. ಮರೆಯಲು ಸಾಧ್ಯವೇ?

ಮೂರನೇ ಸಲ. ಇವತ್ತೂ ಸೂಜಿ ಅಲ್ಲೇ ಇತ್ತು. ದೊಡ್ಡಕ್ಕ ನಿನ್ನೆ ಸಂಜೆ ಎಲ್ಲಿಂದ ತೆಗೆದಳೋ ಅಲ್ಲಿಗೇ ಸಿಕ್ಕಿಸಿದ್ದಾಳೆ, ರೂಢಿಯ ಮೇಲೆ. ಕೊಕ್ಕೆ ನಿಟ್ಟುಸಿರು ಬಿಟ್ಟ. ಉಳಿದವರು ಕಟ್ಟುತ್ತಲೇ ಇದ್ದರು.

"ಅ...ವನು ಏ...ನು ಮಾ...ಡಿದನು?"

ನಾನು ಬಾವಲಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದೆ. ತಲೆ ಎತ್ತಿದೆ. ಸುತ್ತಲೂ ಸೂಜಿಗಳು. ಹೋಗುತ್ತಿವೆ, ಬರುತ್ತಿವೆ. ಕಿಟಕಿಯ ಬೆಳಕು ಪ್ರತಿಯೊಂದರ ತುದಿಯಲ್ಲೂ ಒಮ್ಮೆ ಮಿನುಗಿ ಆರುತ್ತಿದೆ. ತಮ್ಮ ಪಾಲಿನ ಜೊತೆಗೆ ಇವರು ಯಾರದು ಕಟ್ಟುತ್ತಿದ್ದಾರೆ? ನನ್ನದು. ನನ್ನದು! ಓದದವಳದು. ಕಟ್ಟಲು ಬಾರದವಳದು. ಅವರ ದೇವರನ್ನು ಮೂಗಿನಲ್ಲಿ ಅಣಕಿಸಿದವಳದು. ಅಜ್ಜನ ಹೆಂಡತಿಯ ಪುಸ್ತಿಕೆಯನ್ನು ನಗೆಪಾಟಲು ಮಾಡಲು ಹೊರಟಿದ್ದವಳದು. ಅವರಿಗೆ ಅದು ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದರು.

"ಇ...ಳಿಸಿದಷ್ಟು ಇಳಿ...ದನು."

ನಾನು ಇಳಿದೆ. ಬೇರೆ ಮಾತು ಸಿಗುತ್ತಿಲ್ಲ. ಕೂತಲ್ಲೇ ಕೂತಿದ್ದೆ, ಆದರೆ ಒಳಗೆ ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಏನೋ ಒಂದು ಕೈ ಬಿಟ್ಟಿತು, ಬಿದ್ದೆ ಎಂದುಕೊಂಡೆ. ಬೀಳಲಿಲ್ಲ. ಯಾರೋ ಹಿಡಿದು ಇಳಿಸುತ್ತಿದ್ದರು. ಮೆಲ್ಲಗೆ. ಕೆಳಗೆ ಯಾರೋ ಇದ್ದರು. ಇದ್ದರು! ನನ್ನ ಕಡೆ ನೋಡುತ್ತಿದ್ದರು. ನಾನು ಏನೂ ಹೇಳಿರಲಿಲ್ಲ. ಹೇಳಲು ಧ್ವನಿ ಇರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಮ...ಗ...ನೇ."

ದೊಡ್ಡಕ್ಕ ಅಲ್ಲಿ ಕಣ್ಣೊರೆಸಿಕೊಳ್ಳಲು ನಿಲ್ಲಿಸಿದಳು. ಪ್ಯಾರಾ ಮುಗಿಯಿತು ಎಂದುಕೊಂಡು ಎಲ್ಲರೂ ಕೊಡೆ ಬಿಚ್ಚಿಬಿಟ್ಟರು! ಫಟ್ ಫಟ್ ಫಟ್ — ಇಡೀ ಕೋಣೆ ಕಪ್ಪು ಹೂವಾಯಿತು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಸದ್ದಿಲ್ಲದ ಅಳು. ಕೊಡೆಗಳ ಮರೆಯಲ್ಲಿ ಯಾರಿಗೂ ಕಾಣಲಿಲ್ಲ. ನಗುತ್ತಲೂ ಇದ್ದೆ. ಒಂದೇ ಮುಖದಲ್ಲಿ ಎರಡೂ!

ಗಂಟೆ ಹೊಡೆಯಿತು. ಒಳಗೆ ಹೋಗಬೇಕು.

ಅದೇ ದಿನ, ಸಂಜೆ

ಇನ್ನೂ ಇದೆ. ಹೋಗಿಲ್ಲ.

ಮನೆಗೆ ಬರುವಾಗ ಬೀದಿಯೆಲ್ಲ ತೊಳೆದಿಟ್ಟಂತಿತ್ತು. ಸೈಕಲ್ ಅಂಗಡಿಯವರ ಗ್ರೀಸು ಮೆತ್ತಿದ ಕೈ ನೋಡಿ ಕಣ್ತುಂಬಿ ಬಂತು, ಹುಚ್ಚಿಯ ಹಾಗೆ. ಅಮ್ಮ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಮತ್ಯಾಕೆ ಹೀಗೆ ಹಲ್ಲು ಕಿರೀತಿದೀಯ? ಕಾರ್ಖಾನೆ ನಿನ್ನ ಹೆಸರಿಗೆ ಬರ್ಕೊಟ್ರಾ?" ಸ್ಲೇಟು ತೆಗೆದೆ. ಏನು ಬರೆಯಲಿ? ಕೊನೆಗೆ ಬರೆದೆ: 'ನಾನು ಏನೂ ಮಾಡಲಿಲ್ಲ ಅಮ್ಮ.'

"ಅದು ನಂಗೆ ಮೊದಲಿಂದ ಗೊತ್ತು. ಪಾತ್ರೆ ತೊಳಿ, ಹೋಗು," ಎಂದಳು.

ತೊಳೆದೆ! ಎಲ್ಲವನ್ನೂ! ಉಜ್ಜಿ ಉಜ್ಜಿ!

ಮಾರ್ಚ್ 1, ಶನಿವಾರ

ಯೋಜನೆ. ಕೃಪೆಯ ಬಗ್ಗೆ ಒಂದು ಕರಪತ್ರ. ಎಂಟು ಪುಟ. ಎಲ್ಲ ಕಾರ್ಖಾನೆಗಳ ಬಾಗಿಲಲ್ಲೂ ಹಂಚಬೇಕು. ಮೊದಲ ಸಾಲು: 'ದುಡಿಯುವ ಗೆಳೆಯರೇ, ಇಳಿಯಿರಿ!' ಅದರ ಕೆಳಗೆ ಹತ್ತು ಬೇಡಿಕೆ. ಅಲ್ಲ, ಹತ್ತು... ಏನು? ಅಂತೂ ಹತ್ತು.

ಊಟದ ಹೊತ್ತಿಗೆ ಕರಡು ಮುಂದಿಟ್ಟೆ. ದೊಡ್ಡಕ್ಕ ಬೆರಳಿಟ್ಟು ಮೊದಲ ಸಾಲು ಓದುವಷ್ಟರಲ್ಲಿ ಬಿಡುವು ಮುಗಿಯಿತು. "ಇದಕ್ಕೂ ಹೋರಾಟನಾ ತಾಯಿ? ಸುಮ್ನೆ ಸಿಕ್ಕಿದ್ದನ್ನ ಸುಮ್ನೆ ಇಟ್ಕೊಳ್ಳೋಕೆ ನಿಂಗೆ ಬರಲ್ವಾ?"

ಕೊಕ್ಕೆ: "ಇಳಿಯಿರಿ ಅಂತ ಬೋರ್ಡ್ ಹಾಕಿದ್ರೆ ಜನ ಬಸ್ ಸ್ಟಾಪು ಅಂದ್ಕೊಳ್ತಾರೆ."

ಹಿಡಿಕೆ ಅಜ್ಜ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಅಂಟಿನ ಡಬ್ಬಿ ತೆರೆಯುತ್ತ, "ನಮ್ಮನೆಯವಳಿಗೂ ಹೀಗೇ ಆಗಿತ್ತು," ಎಂದರು. ಯಾವಾಗ ಎಂದು ಬರೆದು ಕೇಳಿದೆ. "ನನ್ನ ಮೇಲೆ ಸಿಟ್ಟು ಬಂದಾಗೆಲ್ಲ ಇದನ್ನ ತೆಗೆದು ಗಟ್ಟಿಯಾಗಿ ಓದೋಳು. ನಾಲ್ಕೈದು ಪುಟ ಆಗೋಷ್ಟರಲ್ಲಿ ಸಿಟ್ಟು ಮರೆತು ಓದಿನಲ್ಲಿ ಮುಳುಗೋಳು. ನಾನು ಬೇಕೂಂತಲೇ ಸಿಟ್ಟು ಬರಿಸ್ತಿದ್ದೆ. ಕೇಳ್ಬೇಕು ಅನ್ನಿಸ್ದಾಗ."

ಅಣಕಿಸಿದ್ದಕ್ಕೆ ಕ್ಷಮಿಸಿ ಎಂದು ಬರೆಯಲು ಬಳಪ ಎತ್ತಿದೆ. ಅವರು ಸ್ಲೇಟಿನ ಮೇಲೆ ಕೈಯಿಟ್ಟರು. "ಬೇಡಮ್ಮ. ಅಂಟು ಒಣಗುತ್ತೆ, ಹೋಗು."

ಮಾರ್ಚ್ 9, ಭಾನುವಾರ

ಮೂರು ದಿನದಿಂದ ಏನೂ ಇಲ್ಲ. ಒಳಗೆ ಬಟಾಬಯಲು. ಆ ಬುಧವಾರದ್ದು ನಿದ್ದೆಗೆಟ್ಟ ತಲೆಯ ಆಟವೇ? ಹಳೆಯ ಕರಪತ್ರಗಳನ್ನು ತೆಗೆದು ಓದಿದೆ. ಎಲ್ಲವೂ ಈಗಲೂ ನಿಜ. ಕಿಟಕಿ ಚಿಕ್ಕದು, ದೀಪ ಸಾಲದು, ಮೇಸ್ತ್ರಿ ಜಿಪುಣ. ಯಾವುದೂ ಸುಳ್ಳಾಗಿಲ್ಲ. ಆದರೆ 'ಕದ್ದ ತುತ್ತು' ಎಂಬ ಸಾಲಿಗೆ ಬಂದಾಗ ನಾಲಿಗೆ ಒಪ್ಪಲಿಲ್ಲ. ಅಮ್ಮನ ಎದೆಹಾಲು ನಾನು ಯಾವ ದುಡಿಮೆಗೆ ಕುಡಿದೆ?

ಓಹೋ!

ಮತ್ತೆ ಬಂತು. ಇಲ್ಲ, ಹೋಗಿಯೇ ಇರಲಿಲ್ಲ. ನಾನೇ ಹಗ್ಗ ಹುಡುಕುತ್ತಿದ್ದೆ, ಹಿಡಿದುಕೊಳ್ಳಲು. ಹಾಸಿಗೆಯ ಮೇಲಿದ್ದವನಿಗೆ ಹಗ್ಗದ ಚಿಂತೆ ಯಾಕೆ?

ಅಮ್ಮ ಪಕ್ಕದ ಕೋಣೆಯಿಂದ: "ಒಬ್ಬಳೇ ಕೂತು ಏನೇ ಅದು ಕುಣಿತ? ಕೆಳಗಿನವರ ತಲೆ ಮೇಲೆ ಸುಣ್ಣ ಉದುರುತ್ತೆ!"

ಮಾರ್ಚ್ 21, ಶುಕ್ರವಾರ

ಡಾಕ್ಟರ್. ಕನ್ನಡಿ. ಗಂಟು ಕರಗಿದೆ. ಮಾತಾಡಬಹುದು, ದಿನಕ್ಕೆ ಸ್ವಲ್ಪ ಸ್ವಲ್ಪ. ಖುಷಿಯಿಂದ ಏಳುವಷ್ಟರಲ್ಲಿ, "ಕೂತ್ಕೊಳ್ಳಿ" ಎಂದರು. ಗಂಟೆಗಟ್ಟಲೆ ಗಟ್ಟಿಯಾಗಿ ಓದುವುದು ಇನ್ನು ಮುಂದೆ ಆಗದು. ಯಾವತ್ತೂ. ಹಟ ಮಾಡಿದರೆ ಇರುವುದೂ ಹೋಗುತ್ತದೆ.

ಬರುವಾಗ ಅಮ್ಮ ನನ್ನ ಕೈ ಹಿಡಿದುಕೊಂಡೇ ನಡೆದಳು, ಬೀದಿಯಲ್ಲಿ, ಎಲ್ಲರ ಎದುರಿಗೆ.

ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಆ ಸ್ಟೂಲು ನನ್ನ ಪ್ರಾಣ. ಅಲ್ಲಿ ಕೂತಾಗ ಮಾತ್ರ ನಾನು ನಾನಾಗಿದ್ದೆ. ಅದು ಹೋಯಿತು. ಅಳು ಬಂದಷ್ಟು ಅತ್ತೆ. ಆಮೇಲೆ ಕಾದೆ, ಒಳಗೆ ಎಲ್ಲ ಕುಸಿಯಲಿ ಎಂದು. ಕುಸಿಯಲಿಲ್ಲ. ಕೆಳಗೆ ನೆಲ ಇತ್ತು.

ಪ್ರಸಂಗದಲ್ಲಿ ಇನ್ನು ಎರಡೋ ಮೂರೋ ಪುಟ ಬಾಕಿ. ಮುಗಿದ ದಿನ ಬಿಡುತ್ತೇನೆ ಎಂದು ಮೇಸ್ತ್ರಿಗೆ ಬರೆದುಕೊಟ್ಟ ಮಾತು ಹಾಗೇ ಇದೆ. ಆಗ ಓದುತ್ತೇನೆ ಎಂಬ ಆಸೆಯಾದರೂ ಇತ್ತು. ಈಗ ಕೊಡಲು ಏನಿದೆ ನನ್ನ ಹತ್ತಿರ?

ಮಾರ್ಚ್ 24, ಸೋಮವಾರ. ಸಂಜೆ

ಎಲ್ಲಿಂದ ಶುರುಮಾಡಲಿ? ಉಸಿರು ಸಾಲದು!

ಬೆಳಿಗ್ಗೆ ಹೇಳಿದೆ, ನನ್ನದೇ ಬಾಯಲ್ಲಿ. ಓದೋಕೆ ಆಗಲ್ಲ ಇನ್ಮೇಲೆ ಎಂದು. ಧ್ವನಿ ಬೇರೆ ಯಾರದೋ. ಕೊಕ್ಕೆ ಕಿವಿ ಮುಚ್ಚಿಕೊಂಡು, "ಯಾರಪ್ಪ ಅದು ಬಾಗಿಲು ತೆಗೀತಿರೋದು? ಕೀಲಿಗೆ ಎಣ್ಣೆ ಬಿಡಿ!" ಎಂದ. ಎಂದವನು ಕತ್ತು ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತ ಕೂತ. ದಾರ ಹೋಗಲೇ ಇಲ್ಲ, ಬಹಳ ಹೊತ್ತು.

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. "ಓದೋಳಿಗೆ ಓದಿನ ಕೊಡೆ, ಸರಿ. ಓದದೋಳಿಗೆ ಯಾವ ಕೊಡೆ? ನಾನು ಮಾಲೀಕರಿಗೆ ಏನಂತ ಹೇಳ್ಲಿ?"

ದೊಡ್ಡಕ್ಕ ಸೂಜಿ ಎತ್ತಿದಳು. ಪಕ್ಕದವಳು ಎತ್ತಿದಳು. ಅದರ ಪಕ್ಕದವಳು. ಕೊಕ್ಕೆ ದಾರವಿಲ್ಲದ ಸೂಜಿಯನ್ನೇ ಎತ್ತಿದ. ಅಜ್ಜನ ಕೈಯಲ್ಲಿ ಸೂಜಿ ಇರುವುದಿಲ್ಲ, ಹಿಡಿಕೆ ಎತ್ತಿದರು.

ಒಂದು ತಿಂಗಳ ಹಿಂದಾಗಿದ್ದರೆ ಸತ್ತೇಹೋಗುತ್ತಿದ್ದೆ ಅವಮಾನದಿಂದ. 'ಬೇಡ' ಎಂದು ಸ್ಲೇಟು ಒಡೆಯುತ್ತಿದ್ದೆ. ಇವತ್ತೂ ಬಾಯಿಗೆ ಬಂತು ಆ ಮಾತು, ತುಟಿವರೆಗೆ. ನಿಂತಿತು. ನಾನು ಹೋಗಿ ನನ್ನ ಜಾಗದಲ್ಲಿ, ಆ ಹನ್ನೊಂದರ ಪಕ್ಕ ಕೂತೆ. ಅಷ್ಟೇ ಮಾಡಿದ್ದು. ನನ್ನ ಬದುಕಿನಲ್ಲೇ ಅಷ್ಟು ಕಷ್ಟದ, ಅಷ್ಟು ಸುಲಭದ ಕೆಲಸ ಇನ್ನೊಂದಿಲ್ಲ!

ಮೇಸ್ತ್ರಿ ಗೊಣಗುತ್ತ ಹೋದ. ಹೋಗುವ ಮುಂಚೆ ಅವನಿಗೆ ಕೇಳಿಸುವಂತೆ, "ಕಿಟಕಿ ಹತ್ರ ಇನ್ನೊಂದು ದೀಪ ಬೇಕು!" ಎಂದೆ, ಬಾಗಿಲು ಕಿರುಗುಟ್ಟುವ ಧ್ವನಿಯಲ್ಲಿ. ಕೃಪೆ ಬೇರೆ, ದೀಪ ಬೇರೆ.

ಮಧ್ಯಾಹ್ನ ಓದು. ಗುರು ಹೇಳುತ್ತಾನೆ, ಎದ್ದೇಳು, ನಿನ್ನ ಹಾಸಿಗೆ ಎತ್ತಿಕೊಂಡು ಮನೆಗೆ ಹೋಗು. ಅಲ್ಲಿ ದೊಡ್ಡಕ್ಕ ಪುಟ ತಿರುಗಿಸಿದಳು. ಹಿಂದೆ ಏನೂ ಇಲ್ಲ! ಕೊನೆಯ ಹಾಳೆಯೇ ಇಲ್ಲ. ಸಕ್ಕರೆಚೀಲದ ಕಾಗದ ಮಾತ್ರ.

"ಓ, ಅದಾ," ಎಂದರು ಅಜ್ಜ, ಕಿವಿವರೆಗೆ ಕೆಂಪಾಗಿ. "ಅದು ನಮ್ಮ ಮದುವೆಗೆ ಮುಂಚೇನೇ ಹೋಗಿತ್ತಂತೆ. ಅವಳು ಬಾಯಲ್ಲಿ ಹೇಳ್ತಿದ್ದಳು. ಒಂದೊಂದು ಸಲ ಒಂದೊಂದು ಥರ."

ಗಲಾಟೆಯೋ ಗಲಾಟೆ. ಕೊಕ್ಕೆಗೆ ಅನ್ಯಾಯವೇ ಆಗಿಹೋಯಿತು. "ಕೊನೇಲಾದ್ರೂ ಆ ಮನೆಯವನ ಹಂಚಿನ ವಿಷಯ ಬರುತ್ತೆ ಅಂತ ಒಂದೂವರೆ ತಿಂಗಳು ಕಾದಿದೀನಿ ರೀ!" ಶುರುಮಾಡಿದ ಪುಸ್ತಕ ಮುಗಿಸಲೇಬೇಕು. ಮುಗಿಸದೆ ಇನ್ನೊಂದಕ್ಕೆ ವೋಟಿಲ್ಲ. ಹಾಗಾದರೆ?

ಎಲ್ಲರೂ ನನ್ನ ಕಡೆ ತಿರುಗಿದರು.

"ಬರಿ," ಎಂದಳು ದೊಡ್ಡಕ್ಕ. "ಒಂದು ಪುಟ. ನಾಳೆ ನಾನು ಓದ್ತೀನಿ. ದೊಡ್ಡಕ್ಷರದಲ್ಲಿ ಬರಿ, ನನ್ನ ಕಣ್ಣಿಗೆ ಕರುಣೆ ಇಟ್ಟು."

ಸಿಕ್ಕಿತು ಕೆಲಸ! "ಬರೀತೀನಿ!" ಎಂದೆ. "ದಿನಾ ಬೇಕಾದ್ರೂ ಬರೀತೀನಿ. ನಿಮ್ಮ ಕೊಡೆಗೆ ಬದಲು..."

"ಥೂ, ಮತ್ತೆ ಶುರುವಾಯ್ತು ಇವಳದ್ದು," ಎಂದಳು ದೊಡ್ಡಕ್ಕ. ನಿಜವಾಗಿ ಸಿಟ್ಟು ಬಂದಿತ್ತು ಅವಳಿಗೆ. "ಬದಲು ಗಿದಲು ಏನಿಲ್ಲ. ಬರೆದ್ರೂ ನಿನ್ನ ಕೊಡೆ ಇರುತ್ತೆ, ಬರೀದಿದ್ರೂ ಇರುತ್ತೆ. ಬರೆಯೋಕೆ ಇಷ್ಟ ಇದ್ರೆ ಬರಿ. ಇಲ್ದಿದ್ರೆ ಕೊಕ್ಕ್ಯಣ್ಣ ಬರೀಲಿ, ಬರೀ ಹಂಚಿನ ಲೆಕ್ಕ."

ನಕ್ಕೆ. ಎಲ್ಲರೂ ನಕ್ಕರು. ನನ್ನ ನಗುವಿಗೆ ಈಗ ಸದ್ದಿದೆ, ಕಿರ್ರ್ ಎಂದು.

ಮಾರ್ಚ್ 25, ಮಂಗಳವಾರ. ಬೆಳಿಗ್ಗೆ

ಅಮ್ಮ ಎದ್ದಿಲ್ಲ. ಕೆಳಗೆ ಸೈಕಲ್ ಅಂಗಡಿಯ ಬಾಗಿಲು ಈಗಷ್ಟೇ ತೆರೆದ ಸದ್ದು. ಮೊದಲು ಇಲ್ಲಿ ಬರೆದು, ಆಮೇಲೆ ದೊಡ್ಡಕ್ಷರದಲ್ಲಿ ಇಳಿಸುತ್ತೇನೆ. ಪಾದ್ರಿಯ ರಾಗ ಬೇಡ. ಮೂಗೂ ಬೇಡ. ಎಷ್ಟು ಹಗುರಾಗಿದೆ ಕೈ!

ಅವನು ಎದ್ದನು. ಹಾಸಿಗೆ ಸುತ್ತಿ ಹೆಗಲಿಗೆ ಹಾಕಿಕೊಂಡನು. ಜನ ದಾರಿ ಬಿಟ್ಟರು. ಹೊರಗೆ ಬಿಸಿಲಿತ್ತು. ಆ ನಾಲ್ವರು ಸೂರಿನಿಂದ ಒಬ್ಬರ ಹಿಂದೆ ಒಬ್ಬರು ಇಳಿಯುತ್ತಿದ್ದರು. ಅಂಗೈ ತುಂಬ ಹಗ್ಗದ ಗೀರು, ಕೂದಲ ತುಂಬ ಹಂಚಿನ ಪುಡಿ. ಮನೆಯವನು ಬೈಯುತ್ತ ಏಣಿ ಹಿಡಿದುಕೊಂಡಿದ್ದನು, ಅವರು ಬೀಳದ ಹಾಗೆ. ಇವರಿಗೆಲ್ಲ ಏನು ಕೊಡಲಿ ಎಂದು ಹಾಸಿಗೆ ಹೊತ್ತವನು ಯೋಚಿಸಿದನು. ಅವನ ಹತ್ತಿರ ಏನೂ ಇರಲಿಲ್ಲ. ಆಗ, ಪ್ರಿಯರೇ, ಅವನು ಅವರ ಬಳಿಗೆ ನಡೆದುಹೋಗಿ, ಖಾಲಿ ಕೈ ಚಾಚಿ, ಗೀರುಬಿದ್ದ ಅವರ ಕೈಗಳನ್ನು ಹಿಡಿದುಕೊಂಡನು.